ವಿಗ್ಮೋರ್ ಸಂಗೀತ ಮಂದಿರ

ಲಂಡನ್ ಮಹಾನಗರವನ್ನು ನೋಡಿಬಂದವರು ಸಾಧಾರಣವಾಗಿ ಅಲ್ಲಿಯ ಅರಮನೆಗಳನ್ನೂ ಗೋಪುರಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಥೇಮ್ಸ್ ನದಿಯ ಸೇತುವೆಗಳನ್ನೂ ವರ್ಣಿಸುವುದು ವಾಡಿಕೆ. ಅವೆಲ್ಲವೂ ಕಣ್ಣಿಗೆ ಸಂಬಂಧಪಟ್ಟ ವಿಷಯಗಳು. ಕಿವಿಗೆ ಸಂಬಂಧಪಟ್ಟ ಒಂದು ಸ್ಥಳವನ್ನು ಕುರಿತು ಈ ತಿಂಗಳು ವಾಚಕರಿಗೆ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ನಮ್ಮ ಇಚ್ಛೆ. ಅದು ಆ ನಗರದ ವಿಗ್ಮೋರ್ ಬೀದಿಯಲ್ಲಿರುವ ವಿಗ್ಮೋರ್ ಹಾಲ್ ಎಂಬ ಸಂಗೀತ ಮಂದಿರ. ಮಗಳ ಮನೆಗೆಂದು ಆ ಊರಿಗೆ ಹೋಗಿದ್ದಾಗ, ಅಲ್ಲಿ ಪಿಯಾನೋ ವಾದನವನ್ನು ಸಭಿಕರ ಎದುರಿಗೇ ಧ್ವನಿಮುದ್ರಿಸುವ ಕ್ರಮವನ್ನು ನೋಡುವ ಅವಕಾಶ ನಮಗೆ ಒದಗಿತು. ನಡೆಯುತ್ತಿರುವ ಕಚೇರಿಯನ್ನು ಹಿಡಿದಿಡುವುದು ಕಷ್ಟ. ಹಿಡಿದಿಟ್ಟುದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ವಿವೇಕವು ಅದಕ್ಕಿಂತಲೂ ಕಷ್ಟ. ಈ ಎರಡನ್ನೂ ಕುರಿತದ್ದು ಈ ಲೇಖನ.

ಜನಸಂದಣಿಯಿಂದ ಗಿಜಿಗುಟ್ಟುವ ಆಕ್ಸ್‌ಫರ್ಡ್ ಬೀದಿಯಿಂದ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ವಿಗ್ಮೋರ್ ಬೀದಿ ಸಿಕ್ಕುತ್ತದೆ. ಮಂದಿರದ ಹೊರಮುಖವು ಅಂಥ ಭವ್ಯವಾದುದೇನೂ ಅಲ್ಲ. ತಿಳಿಯದವರು ಅಂಗಡಿಗಳ ಸಾಲಿನಲ್ಲಿ ಅದನ್ನು ದಾಟಿಕೊಂಡು ಹೋದರೂ ಹೋಗಬಹುದು. ಬೆಖ್‌ಸ್ಟೈನ್ ಎಂಬ ಜರ್ಮನ್ ಪಿಯಾನೋ ತಯಾರಕರು ತಮ್ಮ ಮಳಿಗೆಯ ಪಕ್ಕದಲ್ಲಿಯೇ ಇದನ್ನು ಕಟ್ಟಿಸಿದರು. ಟಾಮಸ್ ಕಾಲ್ಕಟ್ ಎಂಬ ಶಿಲ್ಪಿಯ ಯೋಜನೆಯಂತೆ ನಿರ್ಮಿತವಾಗಿ ೧೯೦೧ನೆಯ ಇಸವಿ ಮೇ ೩೧ರಂದು ಇದರ ಪ್ರಾರಂಭೋತ್ಸವ ನಡೆಯಿತು. ಅಂದು ನುಡಿಸಿದವರಲ್ಲಿ ಪಿಯಾನೋ ವಾದಕ ಬುಸೋನಿ, ಪಿಟೀಲುವಾದಕ ಇಸಾಯ್ ಇಬ್ಬರೂ ಇದ್ದರು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುರಾಷ್ಟ್ರದವರ ಆಸ್ತಿಯೆಂಬ ಕಾರಣದಿಂದ ೧೯೧೬ರಲ್ಲಿ ಮಂದಿರವೂ ಅದರೊಂದಿಗೆ ಪಿಯಾನೋಗಳೂ ಹರಾಜಾದವು. ಡೆಬೆನ್‌ಹ್ಯಾಮ್ಸ್ ಎಂಬ ವರ್ತಕರು ೫೬,೫೦೦ ಪೌಂಡುಗಳಿಗೆ ಅದನ್ನು ಕೊಂಡರು. ಮರುವರ್ಷ ವಿಗ್ಮೋರ್ ಹಾಲ್ ಎಂಬ ಹೊಸ ಹೆಸರಿನಿಂದ ಬಾಗಿಲು ತೆರೆಯಿತು.

ಒಳಗೆ ಸುಮಾರು ೫೫೦ ಆಸನಗಳು ಮಾತ್ರ. ಉದ್ದನೆಯ ಆಯತಾಕಾರದ ಸಭಾಂಗಣ. ಅದರ ಕೊನೆಯಲ್ಲಿ ನಮ್ಮ ದೇವಾಲಯಗಳ ಗರ್ಭಗುಡಿಯನ್ನು ನೆನಪಿಗೆ ತರುವ ಅರ್ಧವರ್ತುಲದ ವೇದಿಕೆ. ಅದರ ಮೇಲಿನ ಅರೆಗುಮ್ಮಟದಲ್ಲಿ ಸಂಗೀತದ ಆತ್ಮವು ನಾದಾಧಿದೇವತೆಯ ಜ್ವಾಲಾಮಂಡಲವನ್ನು ತಲೆಯೆತ್ತಿ ನೋಡುತ್ತಿರುವ ವರ್ಣಚಿತ್ರವುಂಟು. ಅಲ್ಲಿ ನುಡಿಸಿದ ಮೃದುಸ್ವರವು ಕೊನೆಯ ಸಾಲಿಗೂ ಸ್ಪಷ್ಟವಾಗಿ ಮುಟ್ಟುತ್ತದೆಂಬ ಪ್ರಸಿದ್ಧಿಯಿದೆ. ನಾವು ಕೊನೆಯಿಂದ ಮೂರನೆಯ ಸಾಲಿನಲ್ಲಿ ಕುಳಿತು ಅದನ್ನು ಸ್ವತಃ ಪರೀಕ್ಷಿಸಿದೆವು, ಅತಿಶಯೋಕ್ತಿಯೆಂದು ಹೇಳಲಾರೆವು.

ನಮ್ಮ ಅಳಿಯಂದಿರಿಗೆ ಧ್ವನಿಮುದ್ರಣದ ಕಸುಬಿನವರೊಬ್ಬರ ಪರಿಚಯವಿತ್ತು. ಅಂದಿನ ಮಧ್ಯಾಹ್ನದ ಕಚೇರಿಯನ್ನು ಮುದ್ರಿಸುವ ಮೂವರಲ್ಲಿ ಅವರೂ ಒಬ್ಬರು. ಬೆಳಿಗ್ಗೆ ವಾದಕಿಯು ಅಭ್ಯಾಸಕ್ಕಾಗಿ ನುಡಿಸುವ ಸಮಯದಲ್ಲಿ ನಮ್ಮನ್ನೂ ನಮ್ಮ ಮನೆಯವರನ್ನೂ ಒಳಗೆ ಕರೆದುಕೊಂಡು ಹೋಗಿ, ಒಂದೊಂದನ್ನೂ ತಾಳ್ಮೆಯಿಂದ ವಿವರಿಸಿದರು. ನಲವತ್ತು ವರ್ಷ ಪಾಠ ಹೇಳಿದ ನಮಗೆ ಒಳ್ಳೆಯ ಉಪಾಧ್ಯಾಯರನ್ನು ಗುರುತಿಸುವುದು ಕಷ್ಟವಲ್ಲ. ಅವರು ಅಂಥವರು.

ಮೊದಲು ಪಿಯಾನೋವಿನ ಸ್ವಭಾವವನ್ನು ತಿಳಿಯಬೇಕು. ಕಚೇರಿಗೆ ಇಡುವ ದೊಡ್ಡ ಪಿಯಾನೋ ಸುಮಾರು ಒಂಬತ್ತು ಅಡಿ ಉದ್ದ. ನಮ್ಮ ಹಾರ್ಮೋನಿಯಮ್ಮಿನಲ್ಲಿ ಮನೆಗಳೆಂದು ಕರೆಯುವಂಥವು ಇದರಲ್ಲಿ ೮೮. ಒಂದೊಂದನ್ನೂ ಒತ್ತಿದಾಗ ಒಳಗೆ ಉಣ್ಣೆಯ ಗಟ್ಟಿಬಟ್ಟೆ ಹೊದಿಸಿದ ಚಿಕ್ಕ ಸುತ್ತಿಗೆಯೊಂದು ತಂತಿಗಳನ್ನು ಹೊಡೆಯುತ್ತದೆ. ಅತ್ಯಂತ ಮಂದ್ರಸ್ವರವು ಸೆಕೆಂಡಿಗೆ ಇಪ್ಪತ್ತೇಳೂವರೆ ಸಲ ಕಂಪಿಸಿದರೆ, ಅತ್ಯಂತ ತಾರಸ್ವರವು ೪,೧೮೬ ಸಲ ಕಂಪಿಸುತ್ತದೆ. ಪಿಸುಮಾತಿನಷ್ಟು ಮೆಲ್ಲಗೂ ಗುಡುಗಿನಂತೆಯೂ ಮೊಳಗಬಲ್ಲ ವಾದ್ಯವಿದು. ವೀಣೆಯ ನಾದವು ಒಂದು ಕಡೆಯಿಂದ ಹೊರಡುವಂತೆ ತೋರುತ್ತದೆ. ಪಿಯಾನೋವಿನ ನಾದವಾದರೋ ಹಲಗೆಯಿಂದ, ಎತ್ತಿದ ಮುಚ್ಚಳದಿಂದ, ಕೆಳಗಿನ ನೆಲದಿಂದ, ಹೀಗೆ ನಾನಾ ಕಡೆಗಳಿಂದ ಹೊರಡುತ್ತದೆ. ಇಂಥ ವಾದ್ಯವನ್ನು ಯಾವ ಕಡೆ ನಿಂತು ಕೇಳಬೇಕೆಂಬುದೇ ಮೊದಲನೆಯ ಸಮಸ್ಯೆ.

ಶಬ್ದವು ಹೇಗೆ ಹರಡುತ್ತದೆಂಬ ವಿಷಯದಲ್ಲಿ ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಹೇಳಿರುವರಷ್ಟೆ: ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಹರಡುತ್ತದೆಂಬುದು ವೀಚೀತರಂಗ ನ್ಯಾಯ, ಕದಂಬದ ಮೊಗ್ಗು ಎಲ್ಲ ದಿಕ್ಕುಗಳಿಗೂ ಒಮ್ಮೆಗೇ ಅರಳುವಂತೆ ಹರಡುತ್ತದೆಂಬುದು ಕದಂಬಮುಕುಲ ನ್ಯಾಯ. ಅವರು ಶಬ್ದವನ್ನು ಆಕಾಶದ ಗುಣವೆಂದರು. ಈಗಿನ ವಿಜ್ಞಾನಿಗಳು ಅದು ವಾಯುವಿನ ಕಂಪನವೆಂದು ಸಾಧಿಸಿದ್ದಾರೆ. ಆದರೆ ಆ ಎರಡು ದೃಷ್ಟಾಂತಗಳನ್ನು ವಿಗ್ಮೋರ್ ಮಂದಿರದಲ್ಲಿ ನಿಂತು ನೆನೆದಾಗ ಅವು ಎಷ್ಟು ಸಾರ್ಥಕವೆಂಬುದು ತಿಳಿಯಿತು. ವಾದ್ಯದಿಂದ ನೇರವಾಗಿ ಬರುವ ನಾದ ಒಂದು. ಗೋಡೆ, ಗುಮ್ಮಟ, ಛಾವಣಿಗಳನ್ನು ಮುಟ್ಟಿ ಹಿಂದಿರುಗುವ ನಾದ ಇನ್ನೊಂದು. ಮೈಕ್ರೋಫೋನನ್ನು ವಾದ್ಯಕ್ಕೆ ತೀರ ಸಮೀಪದಲ್ಲಿಟ್ಟರೆ ಸುತ್ತಿಗೆಯ ಏಟು, ಕಾಲುಮಣೆಯ ಕಿರುಕು, ವಾದಕರ ಉಸಿರಾಟ ಇವೆಲ್ಲ ದೊಡ್ಡದಾಗಿ ಕೇಳುತ್ತವೆ. ಮಂದಿರದ ಅನುರಣನವು ಕಾಣೆಯಾಗುತ್ತದೆ. ದೂರದಲ್ಲಿಟ್ಟರೆ ಅನುರಣನವೇ ಮಿಕ್ಕು, ವೇಗವಾಗಿ ನುಡಿಸಿದ ಸ್ವರಗಳು ಒಂದರಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇವೆರಡರ ನಡುವೆ ಒಂದು ಹದವಾದ ಜಾಗವುಂಟು. ಅದನ್ನು ಕಿವಿಯಿಂದಲೇ ಹುಡುಕಬೇಕು, ಅಳತೆಗೋಲಿನಿಂದ ಸಾಧ್ಯವಿಲ್ಲ.

ಅದನ್ನು ಹುಡುಕುವುದಕ್ಕೆ ಸ್ಟುಡಿಯೋದಲ್ಲಿ ಬೇಕಾದಷ್ಟು ಅವಕಾಶವುಂಟು. ಅಲ್ಲಿ ಪಿಯಾನೋವನ್ನು ತಿರುಗಿಸಬಹುದು, ಕಂಬಗಳನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸಭಿಕರ ಎದುರಿನಲ್ಲಿ ಹಾಗಲ್ಲ. ಹಣ ಕೊಟ್ಟು ಬಂದವರಿಗೆ ವಾದಕರ ಕೈಯೂ ಮುಖವೂ ಕಾಣಿಸಬೇಕು. ಆದಕಾರಣ ಮೈಕ್ರೋಫೋನುಗಳನ್ನು ಮೇಲಿನಿಂದ ಸಣ್ಣ ತಂತಿಗಳಲ್ಲಿ ಇಳಿಬಿಡುವುದು, ಇಲ್ಲವೆ ತೆಳ್ಳನೆಯ ಕಂಬಕ್ಕೆ ಸಿಕ್ಕಿಸಿ ಒಂದು ಪಕ್ಕಕ್ಕೆ ನಿಲ್ಲಿಸುವುದು ಪದ್ಧತಿ. ಎರಡನ್ನು ಜೊತೆಯಾಗಿ ಇಟ್ಟರೆ ನಮ್ಮ ಎರಡು ಕಿವಿಗಳಂತೆ ಎಡಬಲಗಳ ಭಾವನೆ ಬರುತ್ತದೆ. ಫ್ರೆಂಚ್ ರೇಡಿಯೋದವರು ಬಳಕೆಗೆ ತಂದ ಒಂದು ಕ್ರಮದಲ್ಲಿ ಅವುಗಳ ನಡುವೆ ೧೭ ಸೆಂಟಿಮೀಟರು ಅಂತರವನ್ನೂ ೧೧೦ ಅಂಶಗಳ ಕೋನವನ್ನೂ ಇಡುತ್ತಾರೆ. ಅದು ಹೆಚ್ಚು ಕಡಮೆ ಮನುಷ್ಯನ ಎರಡು ಕಿವಿಗಳ ನಡುವಿನ ದೂರವೇ.

ಬೆಳಿಗ್ಗೆ ಇಷ್ಟೆಲ್ಲ ಹದಮಾಡಿಕೊಂಡರೂ ಮಧ್ಯಾಹ್ನಕ್ಕೆ ಮಂದಿರವೇ ಬದಲಾಗಿಬಿಡುತ್ತದೆ. ಬರಿದಾದ ಸಭಾಂಗಣದಲ್ಲಿ ನಾದವು ಹೆಚ್ಚು ಹೊತ್ತು ನಿಲ್ಲುತ್ತದೆ; ಐನೂರು ಜನ ಬಂದು ಕುಳಿತಾಗ ಅವರ ಮೈಯೂ ಉಡುಪೂ ನಾದವನ್ನು ಹೀರುತ್ತವೆ. ಚಳಿಗಾಲದಲ್ಲಿ ಎಲ್ಲರೂ ಉಣ್ಣೆಯ ಕೋಟು ಧರಿಸಿರುವುದರಿಂದ ಮತ್ತೂ ಹೆಚ್ಚು. ಜನರ ಉಸಿರಿನ ತೇವವೂ ದೀಪಗಳ ಕಾವೂ ಸೇರಿ ವಾದ್ಯದ ಶ್ರುತಿಯನ್ನು ಅಲುಗಿಸುತ್ತವೆ. ನಮ್ಮ ವೈಣಿಕರು ಕಚೇರಿಯ ನಡುವೆ ಬಿರಡೆ ತಿರುಗಿಸಿ ಶ್ರುತಿ ಸರಿಮಾಡಿಕೊಳ್ಳಬಲ್ಲರು. ಪಿಯಾನೋ ವಾದಕರಿಗೆ ಆ ಸ್ವಾತಂತ್ರ್ಯವಿಲ್ಲ. ಇನ್ನೂರಕ್ಕೆ ಮೇಲ್ಪಟ್ಟ ತಂತಿಗಳನ್ನು ಸರಿಪಡಿಸುವ ಕೆಲಸಕ್ಕೆ ಬೇರೆ ಕುಶಲಿಗಳಿರುತ್ತಾರೆ; ಅವರು ಕಚೇರಿಗೆ ಮುಂಚೆ, ಹೆಚ್ಚೆಂದರೆ ವಿರಾಮದಲ್ಲಿ, ಬಂದು ಹೋಗತಕ್ಕವರು.

ಅಂದು ವಾದಕಿಯು ನುಡಿಸಿದ್ದು ಶೂಬರ್ಟನು ತನ್ನ ಮರಣಕ್ಕೆ ಎರಡು ತಿಂಗಳು ಮುಂಚೆ, ೧೮೨೮ರ ಸೆಪ್ಟೆಂಬರಿನಲ್ಲಿ, ಮುಗಿಸಿದ ಬಿ-ಫ್ಲಾಟ್ ಸೊನಾಟಾ. ಅದರ ಆರಂಭವು ಪ್ರಾರ್ಥನೆಯಂತೆ ಶಾಂತವಾದುದು. ಕೆಲವು ಕ್ಷಣಗಳಾದಮೇಲೆ ಮಂದ್ರಸ್ಥಾಯಿಯಲ್ಲಿ ಒಂದು ಕಂಪಿತವು ಬಹಳ ಮೆಲ್ಲಗೆ, ದೂರದ ಗುಡುಗಿನ ಹಾಗೆ, ಕೇಳಿ ನಿಲ್ಲುತ್ತದೆ. ಬಳಿಕ ಮೌನ. ಇಡೀ ರಚನೆಗೆ ನೆರಳಿನಂತಿರುವ ಈ ಸ್ವರವು ಧ್ವನಿಮುದ್ರಕರಿಗೆ ಒಂದು ಅಗ್ನಿಪರೀಕ್ಷೆ. ಇದು ಸ್ಫುಟವಾಗಿ ಬರಲೆಂದು ಗ್ರಹಣದ ಪ್ರಮಾಣವನ್ನು ಹೆಚ್ಚಿಸಿದರೆ ಮುಂದೆ ಗಟ್ಟಿಯಾಗಿ ನುಡಿಸುವ ಜಾಗದಲ್ಲಿ ಧ್ವನಿ ಒಡೆದುಹೋಗುತ್ತದೆ. ಒಡೆದ ಧ್ವನಿಯನ್ನು ಮತ್ತೆ ಸೇರಿಸುವ ಉಪಾಯ ಸುಲಭವಾದುದಲ್ಲ. ಕಡಮೆಮಾಡಿದರೆ ಗಾಳಿಯಂತ್ರದ ಗುಂಯ್ ಎನ್ನುವ ಸದ್ದಿನಲ್ಲಿ ಈ ಸ್ವರವೇ ಮುಳುಗೀತು. ಬೆಳಿಗ್ಗೆ ಅಭ್ಯಾಸದಲ್ಲಿ ವಾದಕರು ಎಷ್ಟು ಗಟ್ಟಿಯಾಗಿ ನುಡಿಸುತ್ತಾರೆಂದು ನೋಡಿಕೊಂಡರೂ ಭರವಸೆಯಿಲ್ಲ. ಸಭೆ ತುಂಬಿದಾಗ ಉತ್ಸಾಹದಿಂದ ಕೈ ತಾನಾಗಿಯೇ ಭಾರವಾಗುತ್ತದಂತೆ.

ಇನ್ನು ಕೆಮ್ಮಿನ ವಿಷಯ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನವರು, ಬಾಯಿಗೆ ಅಡ್ಡವಿಡದೆ ಕೆಮ್ಮಿದ ಒಂದು ಕೆಮ್ಮು ಹಾರ್ನ್ ವಾದ್ಯದ ಒಂದು ಮಧ್ಯಮ ಬಲದ ಸ್ವರಕ್ಕೆ ಸಮನೆಂದು ಅಳೆದು, ಕಚೇರಿಯ ಹೊತ್ತಗೆಯಲ್ಲಿ ಮುದ್ರಿಸಿ ಸಭಿಕರನ್ನು ಎಚ್ಚರಿಸುತ್ತಿದ್ದುದುಂಟು. ಅಂದು ನಮ್ಮ ಮನೆಯವರಿಗೆ ನೆಗಡಿಯಾಗಿತ್ತು. ಈ ಸಂಗತಿಯನ್ನು ಕೇಳಿ ಅವರು ಬಾಯಲ್ಲಿ ಎರಡು ಲವಂಗವನ್ನೂ ಒಂದು ಚೂರು ಜ್ಯೇಷ್ಠಮಧುವನ್ನೂ ಇಟ್ಟುಕೊಂಡು, ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಗಂಟೆಯ ಕಾಲ ವ್ರತಸ್ಥರಂತೆ ಕುಳಿತಿದ್ದರು. ಆದರೆ ನಮ್ಮ ಮುಂದಿನ ಸಾಲಿನ ವೃದ್ಧೆಯೊಬ್ಬರು ಕೆಮ್ಮು ಬಾರದಿರಲೆಂದು ಪೆಪ್ಪರಮಿಂಟಿನ ಕಾಗದವನ್ನು ಬಹು ಸಾವಕಾಶವಾಗಿ ಬಿಚ್ಚಿದರು. ನಿಧಾನವಾಗಿ ಬಿಚ್ಚಿದಷ್ಟೂ ಆ ಪರಪರ ಸದ್ದು ದೀರ್ಘವಾಯಿತು. ಹೊರಗೆ ಬಂದಮೇಲೆ ನಮ್ಮ ಮನೆಯವರು, “ನಮ್ಮೂರಿನಲ್ಲಾದರೆ ತಲೆದೂಗಬಹುದು, ತಾಳ ಹಾಕಬಹುದು, ಭೇಷ್ ಎನ್ನಬಹುದು. ಇಲ್ಲಿ ಉಸಿರಾಡುವುದಕ್ಕೂ ಸಂಕೋಚ” ಎಂದರು. ಅವರ ಮಾತಿನಲ್ಲಿ ಸತ್ಯವುಂಟು. ನಮ್ಮ ಸಭಿಕರು ಕಚೇರಿಯಲ್ಲಿ ಭಾಗಿಗಳು, ಅಲ್ಲಿಯವರು ಸಾಕ್ಷಿಗಳು. ಆದರೂ ಸಾಕ್ಷಿಗಳು ಇಲ್ಲದೆ ಹೋದರೆ ನುಡಿಸುವ ಬಗೆಯೇ ಬೇರೆಯಾಗುತ್ತದೆಂಬುದು ಮುಂದೆ ತಿಳಿಯುತ್ತದೆ.

ಈ ವಿದ್ಯೆಯು ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ೧೮೮೯ನೆಯ ಇಸವಿ ಡಿಸೆಂಬರಿನಲ್ಲಿ ಎಡಿಸನ್ನನ ಪ್ರತಿನಿಧಿಯಾದ ವಾಂಗೆಮಾನ್ ಎಂಬವನು ವಿಯೆನ್ನಾ ನಗರದಲ್ಲಿ ಮಹಾಸಂಗೀತಗಾರ ಬ್ರಾಹ್ಮ್ಸನ ಪಿಯಾನೋ ವಾದನವನ್ನು ಮೇಣದ ಉರುಳೆಯ ಮೇಲೆ ಹಿಡಿದನು. ಆ ಉರುಳೆಯು ಇಂದಿಗೂ ಉಂಟು. ಆದರೆ ಕರಕರ ಸದ್ದಿನ ಹಿಂದೆ ಪಿಯಾನೋ ಎಲ್ಲೋ ಮಳೆಯಲ್ಲಿ ಸಿಕ್ಕಿಕೊಂಡವರ ಕೂಗಿನಂತೆ ಕೇಳುತ್ತದೆ. ಮುಂದೆ ೧೯೨೫ರವರೆಗೆ ಕಹಳೆಯಾಕಾರದ ಕೊಳವೆಯ ಮುಂದೆಯೇ ನುಡಿಸಬೇಕಾಗಿತ್ತು. ಮೆಲ್ಲಗೆ ನುಡಿಸಿದರೆ ಮೇಣದಲ್ಲಿ ಗೀಟೇ ಬೀಳುತ್ತಿರಲಿಲ್ಲ; ಆದ್ದರಿಂದ ಮೃದುವಾದುದನ್ನೂ ಗಟ್ಟಿಯಾಗಿಯೇ ನುಡಿಸುತ್ತಿದ್ದರು. ಆ ವರ್ಷ ವಿದ್ಯುತ್ತಿನ ಮೈಕ್ರೋಫೋನು ಬಂದಮೇಲೆ ಈ ಸಂಕಟ ತಪ್ಪಿತು. ಆದರೂ ಗ್ರಾಮಫೋನಿನ ದೊಡ್ಡ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಕಚೇರಿಯನ್ನು ನಡೆದಂತೆಯೇ ಮುದ್ರಿಸಬೇಕಾದರೆ ಎರಡು ಯಂತ್ರಗಳನ್ನಿಟ್ಟುಕೊಂಡು, ಒಂದು ತಟ್ಟೆ ಮುಗಿಯುವುದರೊಳಗಾಗಿ ಇನ್ನೊಂದನ್ನು ಆರಂಭಿಸಬೇಕಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಕಾಂತಪಟ್ಟಿ, ಅಂದರೆ ಟೇಪು, ಎಲ್ಲ ಕಡೆಯೂ ಬಂದು, ಅವಿಚ್ಛಿನ್ನವಾದ ಧ್ವನಿಮುದ್ರಣವು ಸುಲಭವಾಯಿತು. ಅದರ ಜೊತೆಗೆ ಕತ್ತರಿಸಿ ಅಂಟಿಸುವ ಆಶೆಯೂ ಹುಟ್ಟಿತು.

ಈ ಸಂದರ್ಭದಲ್ಲಿ ಮೈಸೂರಿಗೂ ಲಂಡನ್ನಿಗೂ ಇರುವ ಒಂದು ನಂಟನ್ನು ಮರೆಯಲಾಗದು. ಸಂಸ್ಕೃತದಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಕೃತಿಗಳನ್ನು ರಚಿಸಿದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಪಾಶ್ಚಾತ್ಯ ಸಂಗೀತದಲ್ಲಿಯೂ ಪಿಯಾನೋವಿನಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ರಷ್ಯಾ ದೇಶದಿಂದ ಬಂದು ಲಂಡನ್ನಿನಲ್ಲಿ ಅಷ್ಟಾಗಿ ಯಾರ ಗಮನಕ್ಕೂ ಬಾರದೆ ವಾಸವಾಗಿದ್ದ ಮೆಟ್ನರ್ ಎಂಬ ವೃದ್ಧ ಪಿಯಾನೋ ವಾದಕ ಹಾಗೂ ವಾಗ್ಗೇಯಕಾರನ ರಚನೆಗಳನ್ನು, ಅವನ ಕೈಯಿಂದಲೇ ನುಡಿಸಿ ಉಳಿಸಬೇಕೆಂದು ಮಹಾರಾಜರು ಧನಸಹಾಯ ಮಾಡಿದರು. ೧೯೪೭ರಿಂದ ಆ ತಟ್ಟೆಗಳು ಮುದ್ರಿತವಾದವು. ಆಗಲೇ ಅವನ ಆರೋಗ್ಯ ಕೆಟ್ಟಿದ್ದಿತು, ೧೯೫೧ರಲ್ಲಿ ತೀರಿಕೊಂಡನು. ಕೃತಜ್ಞತೆಯಿಂದ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವನು ಮಹಾರಾಜರಿಗೆ ಅರ್ಪಿಸಿದ್ದಾನೆ. ಅವು ಸ್ಟುಡಿಯೋದ ಮುದ್ರಣಗಳು. ಆದರೆ ೧೯೫೦ರ ಮೇ ೨೨ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟಾಗ, ಆ ಕಚೇರಿಗೆ ಹಣದ ಭರವಸೆ ಕೊಟ್ಟವರೂ, ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂದು ಏರ್ಪಡಿಸಿದವರೂ ಅವರೇ. ಪಿಯಾನೋವಿಗೆ ಸಂಬಂಧಿಸಿದುದಲ್ಲವಾದರೂ ಇಲ್ಲಿ ಹೇಳಲು ಕಾರಣವಿದೆ. ಆ ಮುದ್ರಣವು ಸದ್ದುಗದ್ದಲಗಳಿಂದ ಕೂಡಿ ದೋಷಭೂಯಿಷ್ಠವಾಗಿದೆ. ಆದರೂ ಆ ಸಂಜೆಯ ಆ ಗಾನಕ್ಕೆ ಬೇರೆ ಸಾಕ್ಷಿ ಇಲ್ಲ.

ದೋಷವಿದ್ದೂ ಅಮೂಲ್ಯವೆನಿಸಿದ ಪಿಯಾನೋ ಮುದ್ರಣಗಳು ಹಲವುಂಟು. ೧೯೫೮ರ ಫೆಬ್ರವರಿಯಲ್ಲಿ ಬಲ್ಗೇರಿಯಾ ದೇಶದ ಸೋಫಿಯಾ ನಗರದಲ್ಲಿ ರಿಖ್ಟರ್ ಎಂಬ ರಷ್ಯನ್ ವಾದಕನು ಮುಸೋರ್ಗ್‌ಸ್ಕಿಯ ಚಿತ್ರಪ್ರದರ್ಶನ ಎಂಬ ರಚನೆಯನ್ನು ನುಡಿಸಿದುದು ಚಳಿಗಾಲದ ಸಭಿಕರ ಕೆಮ್ಮುಗಳೊಂದಿಗೆ ಮುದ್ರಿತವಾಗಿದೆ. ಕೆಮ್ಮುಗಳ ನಡುವೆಯೂ ರಸಿಕರು ಆ ವಾದನವನ್ನು ಅಗ್ರಗಣ್ಯವೆಂದು ಎಣಿಸುತ್ತಾರೆ. ಇದಕ್ಕಿಂತಲೂ ಮನಸ್ಸನ್ನು ಕರಗಿಸುವುದು ರುಮೇನಿಯಾದ ದಿನು ಲಿಪಾಟ್ಟಿಯ ವೃತ್ತಾಂತ. ಮಾರಕವಾದ ರೋಗದಿಂದ ಕೃಶನಾಗಿದ್ದ ಆ ಯುವಕನು ವೈದ್ಯರ ಮಾತನ್ನು ಮೀರಿ, ೧೯೫೦ರ ಸೆಪ್ಟೆಂಬರ್ ೧೬ರಂದು ಫ್ರಾನ್ಸಿನ ಬೆಸಾನ್‌ಸೋನ್ ಊರಿನಲ್ಲಿ ಕಚೇರಿಗೆ ಕುಳಿತನು. ಶೋಪಾನನ ಹದಿನಾಲ್ಕು ವಾಲ್ಟ್ಸ್‌ಗಳನ್ನು ನುಡಿಸುವುದೆಂದು ಗೊತ್ತಾಗಿತ್ತು. ಹದಿಮೂರು ಮುಗಿಯುವ ವೇಳೆಗೆ ಶಕ್ತಿ ಉಡುಗಿತು. ಕೊನೆಯದನ್ನು ಬಿಟ್ಟು, ಬಾಖನ ಒಂದು ಸ್ತೋತ್ರಗೀತವನ್ನು ನುಡಿಸಿ ಎದ್ದನು. ಡಿಸೆಂಬರಿನಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಫ್ರೆಂಚ್ ರೇಡಿಯೋದವರು ಮುದ್ರಿಸಿದ ಆ ಕಚೇರಿಯು ಈಗಲೂ ದೊರೆಯುತ್ತದೆ. ಆದರೆ ಪ್ರಕಟವಾದ ತಟ್ಟೆಗಳಲ್ಲಿ ಆ ಕೊನೆಯ ಸ್ತೋತ್ರವಿಲ್ಲ. ಹದಿನಾಲ್ಕನೆಯ ವಾಲ್ಟ್ಸ್ ಇಲ್ಲದಿರುವುದೇ ಆ ತಟ್ಟೆಗಳ ಸತ್ಯ. ಬೇರೆ ಕಡೆಯ ಮುದ್ರಣದಿಂದ ಅದನ್ನು ತಂದು ಸೇರಿಸಿ ಪೂರ್ತಿಮಾಡಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಲಿಪಾಟ್ಟಿ ಇರುತ್ತಿರಲಿಲ್ಲ.

ಸೇರಿಸಿದ ಉದಾಹರಣೆಯೂ ಇಲ್ಲದಿಲ್ಲ. ಹನ್ನೆರಡು ವರ್ಷ ಸಭೆಗಳನ್ನು ತೊರೆದಿದ್ದ ಹೊರೊವಿಟ್ಸ್ ೧೯೬೫ರ ಮೇ ೯ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮತ್ತೆ ನುಡಿಸಿದನು. ಉದ್ವೇಗದಿಂದ ಆರಂಭದಲ್ಲಿಯೇ ಬೆರಳು ತಪ್ಪಿತು. ಮುಂದೆಯೂ ಅಲ್ಲಲ್ಲಿ ಜಾರಿತು. ಮೊದಲು ಪ್ರಕಟವಾದ ತಟ್ಟೆಯಲ್ಲಿ ಕೆಲವು ತಪ್ಪುಗಳನ್ನು ತಿದ್ದಿದ್ದರು. ೨೦೦೩ರಲ್ಲಿ, ತಿದ್ದದೆ ಇದ್ದ ಮೂಲವನ್ನೂ ಪ್ರಕಟಿಸಿದರು. ಕೆನಡಾದ ಗ್ಲೆನ್ ಗೂಲ್ಡನಾದರೋ ೧೯೬೪ರಲ್ಲಿ ಸಭೆಗಳನ್ನೇ ಬಿಟ್ಟು, ಕತ್ತರಿಸಿ ಜೋಡಿಸುವುದೂ ಕಲೆಯ ಒಂದು ಅಂಗವೆಂದು ವಾದಿಸಿ, ಸ್ಟುಡಿಯೋದಲ್ಲಿಯೇ ನೆಲೆಸಿದನು. ಅವನ ಪಕ್ಷವನ್ನು ತಳ್ಳಿಹಾಕುವಂತಿಲ್ಲ; ಸ್ಟುಡಿಯೋದ ಕೃತಿಗೆ ಅದರದೇ ಆದ ಧರ್ಮವುಂಟು. ಆದರೆ ಇದು ಇಂಥ ದಿನ ಇಂಥ ಸಭೆಯಲ್ಲಿ ನಡೆದುದು ಎಂದು ಮುದ್ರೆಯೊತ್ತಿದಮೇಲೆ ಧರ್ಮವು ಬೇರೆಯಾಗುತ್ತದೆ.

ಸಭಿಕರೇ ಇಲ್ಲದ ಕಚೇರಿಯೂ ಈ ವಿಗ್ಮೋರ್ ಮಂದಿರದಲ್ಲಿ ನಡೆದಿದೆ. ಮಹಾಮಾರಿಯ ವರ್ಷವಾದ ೨೦೨೦ರ ಜೂನ್ ೧ರಂದು ಸ್ಟೀಫನ್ ಹಫ್ ಬರಿದಾದ ಆಸನಗಳ ಮುಂದೆ ಕುಳಿತು, ಬಾಖನ ಮೂಲವನ್ನು ಬುಸೋನಿಯು ಪಿಯಾನೋವಿಗೆ ಅಳವಡಿಸಿದ ಶಕೋನವನ್ನೂ ಶೂಮನ್ನನ ಫ್ಯಾಂಟಸಿಯನ್ನೂ ನುಡಿಸಿದರು. ರೇಡಿಯೋ ಮೂಲಕ ಅದು ಆಗಲೇ ಪ್ರಸಾರವಾಯಿತು. ಮಂದಿರವನ್ನು ತೆರೆದ ದಿನ ನುಡಿಸಿದ ಬುಸೋನಿಯ ರಚನೆಯೇ ಅಂದೂ ಮೊಳಗಿದುದು ಕಾಲದ ಒಂದು ವಿನೋದ. ಕೆಮ್ಮಿಲ್ಲ, ಕಾಗದದ ಸದ್ದಿಲ್ಲ, ಕೋಟುಗಳು ನಾದವನ್ನು ಹೀರಲಿಲ್ಲ. ಧ್ವನಿಮುದ್ರಕರು ಬೇಡಿದ ಮೌನವೆಲ್ಲ ಅಂದು ದೊರೆಯಿತು. ಕೊನೆಯ ಸ್ವರ ಆರಿದಮೇಲೆ ಚಪ್ಪಾಳೆಗೆ ಬದಲಾಗಿ ಅದೇ ಮೌನ ಉಳಿಯಿತು. ಅದನ್ನು ಕೇಳಿದವರು ಒಂದು ಕೆಮ್ಮಿಗಾಗಿ ಹಂಬಲಿಸಿದ್ದರೆ ಆಶ್ಚರ್ಯವಿಲ್ಲ.

ಈಗ ಕೆಮ್ಮನ್ನು ಅಳಿಸುವುದು ದೊಡ್ಡ ಮಾತಲ್ಲ. ನಮಗೆ ವಿವರಿಸಿದ ಆ ಮಿತ್ರರು ಗಣಕದ ತೆರೆಯ ಮೇಲೆ ಧ್ವನಿಯನ್ನು ಚಿತ್ರದಂತೆ ಬಿಡಿಸಿ ತೋರಿಸಿ, ಒಂದು ಕೆಮ್ಮನ್ನು ಧೂಳು ಒರೆಸಿದಂತೆ ಒರೆಸಿದರು. ಅದರ ಕೆಳಗಿದ್ದ ಸ್ವರವು ಸ್ವಲ್ಪ ಸವೆದಂತೆ ನಮಗೆ ತೋರಿತು. ಅದನ್ನು ಕೇಳಿದಾಗ ಅವರು ಒಪ್ಪಿಕೊಂಡು, “ಆದ್ದರಿಂದಲೇ ಅಯ್ಯಾ, ಮೂಲವನ್ನು ನಾನು ಎಂದೂ ಮುಟ್ಟುವುದಿಲ್ಲ; ನಕಲಿನ ಮೇಲೆ ಮಾತ್ರ ಕೈಯಾಡಿಸುತ್ತೇನೆ” ಎಂದರು.

ಈ ಮಾತು ನಮ್ಮ ಮನೆಯ ಒಂದು ವಿಷಯಕ್ಕೂ ಸಂಬಂಧಪಟ್ಟಿತು. ನಮ್ಮ ಮನೆಯವರ ತಂದೆಯವರು ವೈಣಿಕರು. ಅವರ ನುಡಿಕೆಯಲ್ಲಿ ಉಳಿದಿರುವುದು ಒಂದೇ ಕ್ಯಾಸೆಟ್ಟು. ಒಂದು ನವರಾತ್ರಿಯ ಸಂಜೆ ನಡುಮನೆಯಲ್ಲಿ ಮುದ್ರಿಸಿದುದು. ತೋಡಿರಾಗದ ಆಲಾಪನೆಯ ನಡುವೆ ಪಾತ್ರೆಯೊಂದು ಬಿದ್ದ ಸದ್ದು, ಅದರ ಹಿಂದೆಯೇ ಅಡಿಗೆಮನೆಯಿಂದ ನಮ್ಮ ಅತ್ತೆಯವರು, “ಅಯ್ಯೋ, ಹಾಲು ಚೆಲ್ಲಿತು” ಎಂದದ್ದು ಕೇಳುತ್ತದೆ. ಅಳಿಯಂದಿರು ಉಪಕಾರಬುದ್ಧಿಯಿಂದ, “ಅತ್ತೆ, ಇವರ ಕೈಯಲ್ಲಿ ಆ ಭಾಗವನ್ನು ಶುದ್ಧಮಾಡಿಸಿಬಿಡೋಣವೇ?” ಎಂದು ಕೇಳಿದರು. ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡಿ. ಅಮ್ಮನ ದನಿ ಬೇರೆಲ್ಲಿಯೂ ಇಲ್ಲ” ಎಂದರು. ಅಪ್ಪನವರ ವೀಣೆಯು ಹಾಲು ಚೆಲ್ಲಿದ ಮೇಲೆ ಒಂದು ಕ್ಷಣ ನಿಂತು, ನಗುವಿನಂಥ ಒಂದು ಗಮಕದೊಡನೆ ಮುಂದುವರಿಯುತ್ತದೆ. ಪಾತ್ರೆಯ ಸದ್ದನ್ನು ತೆಗೆದರೆ ಆ ಗಮಕಕ್ಕೆ ಅರ್ಥವೇ ಇರುವುದಿಲ್ಲ.

ಸಂಸ್ಕೃತ ಗ್ರಂಥಗಳನ್ನು ಸಂಪಾದಿಸುವವರು ಅನುಸರಿಸುವ ಒಂದು ಕ್ರಮವುಂಟು. ಓಲೆಗರಿಯಲ್ಲಿ ಲಿಪಿಕಾರನು ತಪ್ಪಿದ್ದರೆ ಸಂಪಾದಕನು ಶುದ್ಧಪಾಠವನ್ನು ಮೇಲೆ ಮುದ್ರಿಸುತ್ತಾನೆ. ಆದರೆ ಓಲೆಯಲ್ಲಿದ್ದ ಪಾಠವನ್ನು ಅಡಿಯಲ್ಲಿ ಕಾಣಿಸದೆ ಬಿಡುವುದಿಲ್ಲ, ಓಲೆಯನ್ನು ಸುಡುವುದಂತೂ ಇಲ್ಲ. ಇಂದು ಪ್ರಮಾದವೆಂದು ತೋರಿದುದು ನಾಳಿನ ವಿದ್ವಾಂಸರಿಗೆ ಮೂಲಪಾಠವೆಂದು ತೋರಬಹುದು. ಧ್ವನಿಮುದ್ರಣಕ್ಕೂ ಇದೇ ನ್ಯಾಯವು ಸಲ್ಲುತ್ತದೆಂದು ನಮ್ಮ ಅಭಿಪ್ರಾಯ. ಶುದ್ಧಿಮಾಡಿದ ಪ್ರತಿಯನ್ನು ಸಂತೋಷದಿಂದ ಕೇಳೋಣ. ಶುದ್ಧಿಮಾಡಿದೆಯೆಂದು ಅದರ ಮೇಲೆ ಬರೆದಿರಲಿ. ಮೂಲಪ್ರತಿಯು ಬೇರೆಯಾಗಿ ಭದ್ರವಾಗಿರಲಿ.

ವಾಚಕರ ಮನೆಗಳಲ್ಲಿಯೂ ಹಿರಿಯರ ಹಾಡು, ಕಥೆ, ಜೋಗುಳ, ಸಂಪ್ರದಾಯದ ಪದಗಳು ಹಳೆಯ ಕ್ಯಾಸೆಟ್ಟುಗಳಲ್ಲಿ ಇರಬಹುದು. ಆ ಪಟ್ಟಿಗಳು ವರ್ಷೇವರ್ಷೇ ಸವೆಯತಕ್ಕವು, ಬೂಷ್ಟು ಹಿಡಿಯತಕ್ಕವು. ಬಲ್ಲವರಿಂದ ಈಗಿನ ಕ್ರಮದ ಪ್ರತಿಗೆ ವರ್ಗಾಯಿಸಿ, ಎರಡು ಕಡೆ ಇಟ್ಟುಕೊಂಡು, ಹಾಡಿದವರ ಹೆಸರು, ಊರು, ತಾರೀಖುಗಳನ್ನು ಬರೆದಿಡುವುದು ಒಳ್ಳೆಯದು. ಈಗ ಬದುಕಿರುವ ಹಿರಿಯರನ್ನು ಮುದ್ರಿಸುವುದಾದರೆ ಯಂತ್ರವನ್ನು ಬಾಯಿಗೆ ತೀರ ಹತ್ತಿರ ಹಿಡಿಯದೆ ಒಂದೆರಡು ಅಡಿ ದೂರದಲ್ಲಿಟ್ಟು, ಬೀಸಣಿಗೆಯ ಯಂತ್ರವನ್ನು ಮಾತ್ರ ನಿಲ್ಲಿಸಿದರೆ ಸಾಕು. ಅಡಿಗೆಮನೆಯ ಬಾಗಿಲನ್ನು ಮುಚ್ಚಬೇಕಾದ ಅಗತ್ಯವಿಲ್ಲ.